ನಡುಗೆರೆಯ ಆಚೆ

ಪಂದ್ಯ ಶುರುವಾಗುವ ಮುಂಚೆ ನಮ್ಮ ಮೈದಾನಕ್ಕೆ ನೀರು ಹಾಕುತ್ತಾರೆ. ಹುಲ್ಲಿಗಲ್ಲ, ಅಲ್ಲಿ ಹುಲ್ಲೇ ಇಲ್ಲ. ನೀಲಿ ಬಣ್ಣದ ಹಾಸು, ಟರ್ಫ್ ಅನ್ನುತ್ತೇವೆ. ಒಣಗಿದ್ದರೆ ಚೆಂಡು ಮುಗ್ಗರಿಸುತ್ತದೆ, ಬಿದ್ದವರ ಮೊಣಕಾಲಿನ ಚರ್ಮ ಕಿತ್ತು ಬರುತ್ತದೆ. ಅದಕ್ಕೇ ಅಂಚಿನಲ್ಲಿರುವ ದೊಡ್ಡ ಕೊಳವೆಗಳು ಆಕಾಶಕ್ಕೆ ನೀರು ಉಗುಳುತ್ತವೆ. ಆ ಹೊತ್ತಿನಲ್ಲಿ ಯಾರೂ ಒಳಗೆ ಕಾಲಿಡುವಂತಿಲ್ಲ. ಬೇಲಿಗೆ ಒರಗಿ ನೋಡುತ್ತಾ ನಿಲ್ಲುತ್ತೇವೆ. ನೀರು ನಿಂತ ಮೇಲೆ ಮೈದಾನದ ಉದ್ದಕ್ಕೂ ಒಂದು ತೆಳು ಪೊರೆ ಉಳಿದಿರುತ್ತದೆ, ಅದರೊಳಗೆ ಮೋಡಗಳು ಓಡಾಡುತ್ತಿರುತ್ತವೆ. ಮೊದಲ ಹೆಜ್ಜೆ ಇಡುವಾಗ ಪ್ರತಿ ಸಲವೂ ಆಕಾಶವನ್ನೇ ತುಳಿಯುತ್ತಿದ್ದೇನೆ ಅನ್ನಿಸಿ ನನಗೆ ಕಾಲು ಜುಮ್ಮೆನ್ನುತ್ತದೆ. ಒಮ್ಮೆ ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ. ನಮ್ಮ ಕೋಚ್, "ಕವಿತೆ ಎಲ್ಲಾ ಬಸ್ಸಲ್ಲಿ ಬರ್ಕೋ ತಾಯಿ, ಇಲ್ಲಿ ಬೆನ್ನು ಬಗ್ಗಿಸು" ಅಂದರು. ಆ ಮನುಷ್ಯನಿಗೆ ಬೆನ್ನು ಬಿಟ್ಟರೆ ಬೇರೆ ಚಿಂತೆಯೇ ಇಲ್ಲ.

ನಮ್ಮ ಹಾಕಿ ಕ್ಲಬ್ಬಿನಲ್ಲಿ ಎರಡು ತಂಡ. ಹೆಂಗಸರದ್ದು ಒಂದು, ಗಂಡಸರದ್ದು ಒಂದು. ಮೈದಾನ ಮಾತ್ರ ಒಂದೇ. ನಾವು ಆಡಿ ಮುಗಿಸಿದ ಮೇಲೆ ಮತ್ತೆ ನೀರು ಹಾಕುತ್ತಾರೆ, ಆಮೇಲೆ ಅವರು ಆಡುತ್ತಾರೆ. ನಮ್ಮಣ್ಣ ಅವರ ತಂಡದಲ್ಲಿದ್ದಾನೆ. ಗೋಲಿಗೆ ಚೆಂಡು ಬೀಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಪೇಪರಿನವರು ಬರೆಯುತ್ತಾರೆ. ಮಾತಾಡುವುದರಲ್ಲಿ ಅವನಷ್ಟು ಜಿಪುಣ ಇನ್ನೊಬ್ಬನಿಲ್ಲ ಅಂತ ಯಾರೂ ಬರೆದಿಲ್ಲ, ಅವರಿಗೆ ಗೊತ್ತಿಲ್ಲ ಅಷ್ಟೇ.

ನನ್ನ ಕೆಲಸದ ಬಗ್ಗೆ ಪೇಪರಿನಲ್ಲಿ ಏನೂ ಬರುವುದಿಲ್ಲ. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಅಂತ ಒಂದಿದೆ. ಎದುರಾಳಿಗಳು ತಮ್ಮ ಗೋಲಿನ ಹತ್ತಿರ ತಪ್ಪು ಮಾಡಿದರೆ ನಮಗೆ ಸಿಗುವ ಅವಕಾಶ ಅದು. ಗೋಲಿನ ಪಕ್ಕದ ಗೆರೆಯಿಂದ ಒಬ್ಬಳು ಚೆಂಡನ್ನು ಹೊರಕ್ಕೆ ತಳ್ಳಬೇಕು. ದೂರದಲ್ಲಿ, ಅರ್ಧಚಂದ್ರದ ಗೆರೆಯಿಂದಾಚೆ, ಇನ್ನೊಬ್ಬಳು ಸ್ಟಿಕ್ ನೆಲಕ್ಕೆ ಮಲಗಿಸಿ ಚೆಂಡನ್ನು ಅಲ್ಲಾಡದಂತೆ ನಿಲ್ಲಿಸಬೇಕು. ಮೂರನೆಯವಳು ಅದನ್ನು ಗೋಲಿಗೆ ಬೀಸಬೇಕು. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು, ಯಾಕೆಂದರೆ ನಾನು ಚೆಂಡು ಮುಟ್ಟಿದ ಕೂಡಲೇ ಗೋಲಿನೊಳಗೆ ಚೆಂಡಿನ ಪೆಟ್ಟು ತಡೆಯುವ ಮುಖವಾಡ ಹಾಕಿಕೊಂಡು ನಿಂತವರು ನಮ್ಮ ಮೇಲೆ ನುಗ್ಗುತ್ತಾರೆ. ಫೋಟೋ ಬರುವುದು ಮೂರನೆಯವಳದ್ದು. ನಾನು ಮೊದಲನೆಯವಳು, ತಳ್ಳುವವಳು. ಎರಡನೆಯವರು, ಸ್ಟಾಪರ್, ನಮ್ಮ ಅತ್ತಿಗೆ.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ, ಸರಿ. ಆದರೆ ಮದುವೆ ಆಮೇಲಿನ ಮಾತು. ಅಣ್ಣನಿಗೆ ಹೆಂಡತಿ ಆಗುವ ಮೊದಲೇ ಅವರು ನನ್ನ ಸ್ಟಾಪರ್ ಆಗಿದ್ದರು. ತಂಡದಲ್ಲಿ ನನಗೆ ಮೆಣಸಿನಕಾಯಿ ಅಂತ ಹೆಸರಿಟ್ಟವರೂ ಅವರೇ. ಮನೆಗೆ ಕರೆದುಕೊಂಡು ಬಂದವಳು ನಾನು, ಅಮ್ಮನ ಮುಂದೆ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದವಳು ನಾನು, ಅಣ್ಣನ ತಲೆ ತಿಂದವಳು ನಾನು. ಅವನು ಒಂದು ದಿನ ಶೂ ಲೇಸು ಕಟ್ಟಿಕೊಳ್ಳುತ್ತಾ "ಆಗಲಿ" ಅಂದ. ಮದುವೆಯ ವಿಷಯದಲ್ಲಿ ಅವನ ಬಾಯಿಂದ ಬಂದದ್ದು ಅಷ್ಟೇ. ಅತ್ತಿಗೆ ಆ ಒಂದು ಮಾತನ್ನೇ ದೊಡ್ಡದು ಅಂದುಕೊಂಡು ಬಂದರು.

ಮನೆಯಲ್ಲಿ ಊಟದ ಕೋಣೆಯಿಂದ ಬಚ್ಚಲಿನವರೆಗೆ ಒಂದು ಉದ್ದನೆಯ ಓಣಿಯಂಥ ಜಾಗ ಇದೆ. ಕಾಲುಚೀಲಗಳನ್ನು ಉಂಡೆ ಸುತ್ತಿ ನಾನು ಈ ಕಡೆಯಿಂದ ತಳ್ಳುತ್ತಿದ್ದೆ, ಅತ್ತಿಗೆ ಆ ಕಡೆ ಬಗ್ಗಿ ನಿಲ್ಲಿಸುತ್ತಿದ್ದರು. ಅಮ್ಮ ಬಕೆಟ್ ಹಿಡಿದು ನಡುವೆ ಬಂದರೆ ಇಬ್ಬರೂ ಒಟ್ಟಿಗೆ ಕಿರುಚುತ್ತಿದ್ದೆವು. ನಾನು ಯಾವಾಗ ತಳ್ಳುತ್ತೇನೆ ಅಂತ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದ್ದೆ.

"ನಿನ್ನ ಎಡಗಡೆ ಭುಜ ಒಂಚೂರು ಇಳಿಯುತ್ತೆ ಕಣೇ. ತಳ್ಳೋಕೆ ಸ್ವಲ್ಪ ಮುಂಚೆ. ನಿಂಗೂ ಗೊತ್ತಿಲ್ಲ ನೋಡು."

ಕನ್ನಡಿ ಮುಂದೆ ನಿಂತು ಎಷ್ಟು ಹೊತ್ತು ನೋಡಿಕೊಂಡರೂ ನನಗೆ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ, ಅವರು ನೋಡಿಕೊಳ್ಳುತ್ತಿದ್ದರಲ್ಲ. ನಿದ್ದೆಯಲ್ಲೂ ನಾನು ಚೆಂಡು ತಳ್ಳುತ್ತಿದ್ದೆ. ಕನಸಿನ ಮೈದಾನಕ್ಕೆ ಅಂಚೇ ಇರುತ್ತಿರಲಿಲ್ಲ, ಚೆಂಡು ನೀರಿನ ಮೇಲೆ ಸದ್ದಿಲ್ಲದೆ ಹೋಗುತ್ತಲೇ ಇರುತ್ತಿತ್ತು. ಕೊನೆಗೆ ಎಲ್ಲೋ ದೂರದಲ್ಲಿ ಟಕ್ ಅಂತ ಸಣ್ಣ ಸದ್ದು ಆಗುತ್ತಿತ್ತು. ಆ ಸದ್ದು ಕೇಳಿದ ಮೇಲೆ ನನಗೆ ಗಾಢ ನಿದ್ದೆ.

ಹೋದ ಸೀಸನ್ ಮುಗಿದ ವಾರ ಅತ್ತಿಗೆ ಮನೆ ಬಿಟ್ಟರು. ಜಗಳವಾಗಲಿಲ್ಲ. ಜಗಳವಾಡಲು ಇಬ್ಬರು ಬೇಕು, ಅಣ್ಣ ಆ ಲೆಕ್ಕಕ್ಕೆ ಸಿಗುವವನಲ್ಲ. ಸೋತು ಬಂದ ದಿನ ಮಾತಿಲ್ಲ, ಗೆದ್ದು ಬಂದ ದಿನವೂ ಮಾತಿಲ್ಲ. ಅತ್ತಿಗೆಗೆ ಹುಷಾರಿಲ್ಲದ ದಿನ ಮಾತ್ರೆ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ, ಹೇಗಿದ್ದೀಯ ಅಂತ ಕೇಳುತ್ತಿರಲಿಲ್ಲ. ಕೆಟ್ಟವನಲ್ಲ. ಅದೇ ತೊಂದರೆ, ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ನಮ್ಮ ಮನೆತನವೇ ಹಾಗೆ. ಅಪ್ಪ ಇದ್ದಾಗಲೂ ಊಟದ ಹೊತ್ತಿನಲ್ಲಿ ತಟ್ಟೆಯ ಸದ್ದು ಮಾತ್ರ ಕೇಳುತ್ತಿತ್ತು. ಅತ್ತಿಗೆ ಬಂದ ಮೇಲೆ ಸ್ವಲ್ಪ ಗಾಳಿ ಆಡಿತ್ತು.

ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಅವರ ಚೀಲಗಳಿಲ್ಲ, ಸ್ಟಿಕ್ಕುಗಳಿಲ್ಲ. ಬಚ್ಚಲಿನ ಗೂಟದಲ್ಲಿ ಟವೆಲ್ ಇಲ್ಲ. ಅರ್ಧ ಮುಖ ಮರಗಟ್ಟಿದ್ದರಿಂದ ನನಗೆ ಅಳುವುದಕ್ಕೂ ಸರಿಯಾಗಿ ಆಗಲಿಲ್ಲ. ಬೇರೆ ಊರಿನ ಕ್ಲಬ್ಬಿಗೆ ಸೇರಿದ್ದಾರೆ ಅಂತ ಆಮೇಲೆ ಕೋಚ್ ಹೇಳಿದರು. ಕೋಚ್‌ಗೆ ಗೊತ್ತು, ನನಗೆ ಗೊತ್ತಿಲ್ಲ!

ಅಮ್ಮ ಎರಡು ದಿನ ಗುಮ್ಮನೆ ಕೂತಿದ್ದು, ಮೂರನೆಯ ದಿನ ಬಟ್ಟೆ ಮಡಚುತ್ತಾ, "ಇನ್ನು ಅವಳು ನಮಗೆ ಏನೂ ಆಗಬೇಕಿಲ್ಲ, ಬಿಡು" ಅಂದರು. ಕೋಪದಿಂದ ಹೇಳಿದ್ದಲ್ಲ, ತಮಗೇ ಸಮಾಧಾನ ಹೇಳಿಕೊಂಡದ್ದು. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅಣ್ಣನಿಗೆ ಹೆಂಡತಿಯಲ್ಲದಿದ್ದರೆ ನನಗೆ ಅತ್ತಿಗೆ ಅಲ್ಲ, ನನ್ನ ಕ್ಲಬ್ಬಿನಲ್ಲಿಲ್ಲದಿದ್ದರೆ ನನಗೆ ಸ್ಟಾಪರ್ ಅಲ್ಲ. ಹಾಗಾದರೆ ಅವರು ನನಗೆ ಯಾರು? ನಾನು ಅವರಿಗೆ ಯಾರು? ಊರೆಲ್ಲಾ ಬೇರೆ ಬೇರೆ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದರೆ ನಾನು ಇದೊಂದನ್ನೇ ಹಿಡಿದುಕೊಂಡು ಕೂತಿದ್ದೆ.

ಅವರು ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ಯಾಕೆ ಎತ್ತಬೇಕು? ಹೇಳದೆ ಕೇಳದೆ ಹೋದವರಿಗೆ ಈಗ ಹೇಳುವುದಕ್ಕೆ ಏನಿದೆ? ಪರದೆಯ ಮೇಲೆ 'ಅತ್ತಿಗೆ' ಅಂತ ಮೂಡಿ, ನಡುಗಿ, ಆರಿಹೋಗುವುದನ್ನು ನೋಡುತ್ತಾ ಕೂರುತ್ತಿದ್ದೆ. ಬರಬರುತ್ತಾ ಅದೂ ಅಪರೂಪವಾಯಿತು. ಒಂದು ಇಡೀ ತಿಂಗಳು ಬರದೇ ಹೋದಾಗ ನನಗೆ ಇನ್ನೂ ರೇಗಿತು.

ನಮ್ಮ ತಂಡಕ್ಕೆ ಹೊಸ ಸ್ಟಾಪರ್ ಬಂದಳು. ಚಿಕ್ಕ ಆಳು, ಗುಬ್ಬಿ ಅಂತ ಕರೆಯುತ್ತೇವೆ. ಒಳ್ಳೆಯ ಹುಡುಗಿ. ತಪ್ಪು ನಾನು ಮಾಡಿದರೂ "ಸಾರಿ ಅಕ್ಕಾ" ಅನ್ನುತ್ತಾಳೆ, ಅದಕ್ಕೇ ನನಗೆ ಅವಳನ್ನು ಕಂಡರೆ ಮೈಯೆಲ್ಲಾ ಉರಿ. ನಿಲ್ಲಿಸುವುದೂ ಚೆನ್ನಾಗಿಯೇ ನಿಲ್ಲಿಸುತ್ತಾಳೆ. ಆದರೆ ಆ ಟಕ್ ಅನ್ನುವ ಸದ್ದು ಅವಳ ಸ್ಟಿಕ್ಕಿನಲ್ಲಿ ಬರುವುದಿಲ್ಲ, ಬೇರೆ ಏನೋ ಸದ್ದು ಬರುತ್ತದೆ. ಈಗ ನನ್ನ ಕನಸಿನ ಚೆಂಡು ನಿಲ್ಲುವುದೇ ಇಲ್ಲ, ರಾತ್ರಿಯೆಲ್ಲಾ ಹೋಗುತ್ತಲೇ ಇರುತ್ತದೆ.

ಅತ್ತಿಗೆಯ ಹೊಸ ತಂಡ ನಮ್ಮ ಮೈದಾನಕ್ಕೆ ಆಡಲು ಬಂದ ದಿನ ಮಂಜು ಕವಿದಿತ್ತು. ಮಧ್ಯಾಹ್ನವಾದರೂ ಕರಗಿರಲಿಲ್ಲ. ಕೊಳವೆಗಳ ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಆ ಕಡೆಯ ಗೋಲು ಇದ್ದೂ ಇಲ್ಲದ ಹಾಗೆ ತೇಲುತ್ತಿತ್ತು. ಎರಡೂ ತಂಡ ಸಾಲಾಗಿ ನಿಂತು ಕೈಗೆ ಕೈ ತಾಗಿಸುವ ಶಾಸ್ತ್ರ ಇರುತ್ತದಲ್ಲ, ನಾನು ನೆಲ ನೋಡುತ್ತಲೇ ಹೋದೆ. ಕೈಗಳು ಬಂದವು, ಹೋದವು. ಒಂದು ಕೈ ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಲು ನೋಡಿತು. ಕಿತ್ತುಕೊಂಡೆ.

ಬೇಲಿಯ ಆಚೆ ಗಂಡಸರ ತಂಡ ಮೈ ಬಿಸಿ ಮಾಡಿಕೊಳ್ಳುತ್ತಿತ್ತು. ಅಣ್ಣ ಒಬ್ಬನೇ ಓಟ ನಿಲ್ಲಿಸಿ ಸ್ಟಿಕ್ಕಿನ ಮೇಲೆ ಗದ್ದ ಊರಿ ಈ ಕಡೆ ನೋಡುತ್ತಿದ್ದ.

ಮೊದಲ ಪೆನಾಲ್ಟಿ ಕಾರ್ನರ್ ನಮಗೆ ಬೇಗ ಸಿಕ್ಕಿತು. ನಾನು ಗೆರೆಯ ಮೇಲೆ ಚೆಂಡಿಟ್ಟು ಬಗ್ಗಿದೆ. ಗೋಲಿನೊಳಗೆ ಐವರು, ಗೋಲ್ ಕೀಪರನ್ನು ಬಿಟ್ಟು ಉಳಿದವರೆಲ್ಲ ಮುಖವಾಡದಲ್ಲಿ. ನನಗೆ ಹತ್ತಿರದ ಕಂಬದ ಪಕ್ಕ ಮೊದಲು ಓಡಿಬರಲು ನಿಂತವರು ಯಾರು ಅಂತ ಮುಖ ನೋಡಿ ತಿಳಿಯಬೇಕಾಗಿರಲಿಲ್ಲ. ಆ ನಿಲುವು, ಎಡ ಮೊಣಕಾಲು ಸ್ವಲ್ಪ ಒಳಗೆ. ಅತ್ತಿಗೆ. ಇಷ್ಟು ವರ್ಷ ದೂರದಲ್ಲಿ ನನ್ನ ಕಡೆ ಮುಖ ಮಾಡಿ ನಿಲ್ಲುತ್ತಿದ್ದವರು ಈಗ ಕೈಯಳತೆಗೆ ಸ್ವಲ್ಪವೇ ಆಚೆ, ನನಗೆ ಎದುರಾಳಿಯಾಗಿ. ನಾನು ತಳ್ಳಿದೆ. ಗುಬ್ಬಿ ಚೆಂಡು ನಿಲ್ಲಿಸುವಷ್ಟರಲ್ಲಿ ಅತ್ತಿಗೆ ಅವಳ ಮುಂದೆ! ಬೀಸಿದ ಚೆಂಡು ಅವರ ಸ್ಟಿಕ್ಕಿಗೆ ಬಡಿದು ಹೊರಗೆ ಹೋಯಿತು.

ಎರಡನೆಯ ಸಲವೂ ಹಾಗೇ. ಅವರ ತಂಡದವರು ಬೆನ್ನು ತಟ್ಟಿದರು. ಗುಬ್ಬಿ "ಸಾರಿ ಅಕ್ಕಾ" ಅಂದಳು.

"ಬಾಯಿ ಮುಚ್ಚೇ" ಅಂದೆ.

ನನಗೆ ಅರ್ಥವಾಗಿ ಹೋಗಿತ್ತು. ನನ್ನ ಭುಜ. ನನಗೇ ಗೊತ್ತಿಲ್ಲದ, ಕನ್ನಡಿಗೂ ಕಾಣದ ನನ್ನ ಭುಜವನ್ನು ಓದಿಕೊಂಡು ಈಗ ನನ್ನ ಮೇಲೇ ಓಡಿ ಬರುತ್ತಿದ್ದಾರೆ. ನಮ್ಮ ಮನೆಯ ಓಣಿಯಲ್ಲಿ ಕಲಿತದ್ದನ್ನು ಬೇರೆಯವರ ಅಂಗಿ ತೊಟ್ಟು ಖರ್ಚು ಮಾಡುತ್ತಿದ್ದಾರೆ. ಅಳು ಬಂದಿದ್ದರೂ ನಾನು ಅದನ್ನು ಕೋಪ ಅಂತಲೇ ಕರೆಯುತ್ತೇನೆ, ನನಗೆ ಹಾಗೇ ಅಭ್ಯಾಸ.

ಪಂದ್ಯ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಎರಡೂ ಕಡೆ ಗೋಲಿಲ್ಲ. ಮಂಜು ಇನ್ನೂ ಕೆಳಗಿಳಿದು ಮೊಣಕಾಲಿನವರೆಗೆ ಬಂದಿತ್ತು, ಓಡುವವರು ತೇಲಿದಂತೆ ಕಾಣುತ್ತಿದ್ದರು. ಆಗ ನಮಗೆ ಮತ್ತೊಂದು ಪೆನಾಲ್ಟಿ ಕಾರ್ನರ್.

ನಾನು ಬಗ್ಗಿದೆ. ಈ ಸಲ ಭುಜ ಅಲ್ಲಾಡಿಸಬಾರದು ಅಂತ ಹಲ್ಲು ಕಚ್ಚಿದೆ. ಉಸಿರು ಒಳಗೆಳೆದೆ. ಮೈದಾನ ಸದ್ದಡಗಿತು. ಭುಜ ಇಳಿದದ್ದು ಆಗ ನನಗೂ ಗೊತ್ತಾಯಿತು, ಜೀವಮಾನದಲ್ಲಿ ಮೊದಲ ಸಲ! ಗೊತ್ತಾದ ಕೂಡಲೇ ಕೈ ಅಲ್ಲೇ ಕಟ್ಟಿಹಾಕಿದಂತಾಯಿತು. ಸ್ಟಿಕ್ ಮುಂದಕ್ಕೆ ಬಂತು, ಚೆಂಡನ್ನು ಮುಟ್ಟದೆ ನಿಂತಿತು. ಅತ್ತಿಗೆ ಮಾತ್ರ ಗೋಲಿನಿಂದ ಹಾರಿ ಅರ್ಧ ದಾರಿ ಬಂದುಬಿಟ್ಟಿದ್ದರು. ಚೆಂಡು ಇನ್ನೂ ನನ್ನ ಕಾಲ ಬಳಿಯೇ ಇತ್ತು.

ಸೀಟಿ.

ತಳ್ಳುವವಳು ತಳ್ಳಿದಂತೆ ಮಾಡಿ ಮೋಸ ಮಾಡಬಾರದು. ಹಾಗೆ ಮಾಡಿದರೆ ಅವಳನ್ನು ಮೈದಾನದ ನಡುಗೆರೆಯಿಂದ ಆಚೆಗೆ ಕಳಿಸುತ್ತಾರೆ, ಬೇರೆಯವಳು ಬಂದು ತಳ್ಳುತ್ತಾಳೆ. ನಿಯಮ ಹಾಗಿದೆ. ಅಂಪೈರಮ್ಮ ನನ್ನ ಕಡೆ ನೋಡಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವ ಟೀಚರಂತೆ, ಕೈ ಚಾಚಿ ನಡುಗೆರೆ ತೋರಿಸಿದರು.

"ಮೇಡಂ, ನಾನು ಬೇಕಂತ ಮಾಡಿಲ್ಲ. ನನ್ನ ಭುಜ..."

"ನಡೀರಿ, ನಡೀರಿ."

ಭುಜದ ಕತೆ ಅವರಿಗೇನು ಗೊತ್ತು. ನಡೆದೆ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅಲ್ಲಿಗೆ ಕಳಿಸಿರಲಿಲ್ಲ. ಒದ್ದೆ ನೀಲಿಯ ಮೇಲೆ ಒಬ್ಬಳೇ ನಡೆಯುವಾಗ ಹಿಂದಿನ ಸದ್ದೆಲ್ಲಾ ಮಂಜಿನೊಳಗೆ ಒಂದೊಂದಾಗಿ ಉಳಿದುಹೋಯಿತು. ಎದುರು ತಂಡದಲ್ಲಿ ಗೋಲು ಕಾಯದ ಉಳಿದ ಆರು ಜನ ನಡುಗೆರೆಯ ಆಚೆ ಓಡಲು ತಯಾರಾಗಿ ಬಗ್ಗಿ ನಿಂತಿದ್ದರು. ನಾನು ಅವರನ್ನು ದಾಟಿ ಬೇಲಿಯ ಕಡೆಯ ತುದಿಗೆ ಹೋಗಿ ನಿಂತೆ. ಆ ಕಡೆ ನಮ್ಮ ಗೋಲು, ಈ ಕಡೆ ಅವರ ಗೋಲು, ಎರಡೂ ಮಂಜಿನಲ್ಲಿ. ನಾನು ಯಾವ ಕಡೆಯವಳೂ ಅಲ್ಲದಂತೆ ಅನ್ನಿಸಿತು. ಅಲ್ಲಿ ಅವಮಾನ ಕೂಡ ಅಷ್ಟೊಂದು ಆಗಲಿಲ್ಲ, ಯಾವುದೋ ಮಧ್ಯಾಹ್ನದ ನಿದ್ದೆಯೊಳಗೆ ನಿಂತ ಹಾಗಿತ್ತು.

ದೂರದಲ್ಲಿ ಬೇರೆ ಯಾರೋ ನನ್ನ ಜಾಗದಲ್ಲಿ ಬಗ್ಗಿದರು. ಅಲ್ಲಿದ್ದವರೆಲ್ಲಾ ಗೊಂಬೆಗಳಷ್ಟು ಚಿಕ್ಕದಾಗಿ ಕಾಣುತ್ತಿದ್ದರು. ಇನ್ನೇನು ತಳ್ಳಬೇಕು, ಅಷ್ಟರಲ್ಲಿ ಗೋಲಿನಿಂದ ಒಂದು ಗೊಂಬೆ ಹೊರಗೆ ಓಡಿತು. ಚೆಂಡು ಅಲ್ಲಾಡಿರಲೇ ಇಲ್ಲ. ಕಣ್ಣಿದ್ದವರಿಗೆಲ್ಲಾ ಕಾಣುವಷ್ಟು ಮುಂಚೆ, ನಾಚಿಕೆಯಿಲ್ಲದಷ್ಟು ಮುಂಚೆ.

ಮತ್ತೆ ಸೀಟಿ. ಕಾಯುವವರು ಚೆಂಡಿಗಿಂತ ಮೊದಲು ಓಡಿದರೂ ಶಿಕ್ಷೆ ಅದೇ, ನಡುಗೆರೆಯ ಆಚೆ. ಅವರ ಜಾಗಕ್ಕೆ ಇನ್ನೊಬ್ಬರು ಬರುವಂತೆಯೂ ಇಲ್ಲ, ಒಬ್ಬರು ಕಡಿಮೆಯಾಗಿಯೇ ಗೋಲು ಕಾಯಬೇಕು. ಅವರ ಕ್ಯಾಪ್ಟನ್ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಮಂಜಿನೊಳಗಿನಿಂದ ಅತ್ತಿಗೆ ನಡೆದು ಬಂದರು. ಮುಖವಾಡ ಕಳಚಿ ಕೈಯಲ್ಲಿ ಹಿಡಿದಿದ್ದರು. ಅವಸರವಿಲ್ಲದೆ, ಸಂಜೆ ತಿರುಗಾಡಲು ಹೊರಟವರ ಹಾಗೆ ಬಂದು ನನ್ನ ಪಕ್ಕ ನಿಂತರು. ಅವರ ತಂಡದ ಆರು ಜನ ಅವರನ್ನು ಕಣ್ಣಲ್ಲೇ ಸುಟ್ಟು ಮತ್ತೆ ಮುಂದೆ ನೋಡಿದರು. ನಾನೂ ಮುಂದೆಯೇ ನೋಡುತ್ತಿದ್ದೆ. ಅವರ ಉಸಿರು ಬಿಳಿಯಾಗಿ ಬಂದು ನನ್ನ ಉಸಿರಿನೊಡನೆ ಕಲೆತು ಹೋಗುತ್ತಿತ್ತು.

"ಸಣ್ಣಗಾಗಿದೀಯ" ಅಂದರು.

ನಾನು ಸ್ಟಿಕ್ಕಿನ ತುದಿಯಿಂದ ಗೆರೆಯ ಮೇಲಿನ ನೀರು ಕೆದಕಿದೆ.

"ಹಲ್ಲು ಸರಿ ಹೋಯ್ತಾ?"

ಅದನ್ನು ಕೇಳಬಾರದಿತ್ತು. ನನ್ನ ಬಾಯಿಂದ ಹೊರಗೆ ಬಂದದ್ದು ಬೈಗುಳವೇ. "ಗಾಬರಿಯಲ್ಲಿ ಓಡಿದ್ರಾ? ಹೊಸಬರ ಹಾಗೆ? ನಿಮ್ಮ ಕ್ಲಬ್ಬಿನವರು ಸಂಬಳ ಕೊಡೋದು ಇದಕ್ಕಾ?"

"ಗಾಬರಿ ಏನಿಲ್ಲ. ಬೇಕಂತಲೇ ಓಡಿದೆ."

ಆಗ ತಿರುಗಿ ನೋಡಿದೆ. ಮುಖವಾಡದ ಪಟ್ಟಿ ಒತ್ತಿ ಕೆನ್ನೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಕೂದಲು ಕತ್ತರಿಸಿಕೊಂಡಿದ್ದರು. ಕಣ್ಣು ಮಾತ್ರ ಅವೇ, ಎಲ್ಲಾ ನೋಡುವ ಕಣ್ಣು.

"ಬೇಕಂತಲಾ? ಗೋಲಾದ್ರೆ?"

"ಆಗುತ್ತೆ. ನಾಲ್ಕೇ ಜನ ಇದ್ದಾರಲ್ಲ ಅಲ್ಲಿ. ನಮ್ಮ ಕ್ಯಾಪ್ಟನ್ ನನ್ನ ಚರ್ಮ ಸುಲಿತಾಳೆ, ಸುಲೀಲಿ. ನಿನ್ನ ಜೊತೆ ಮಾತಾಡೋಕೆ ನನಗೆ ಬೇರೆ ದಾರಿ ಎಲ್ಲಿತ್ತು? ಫೋನ್ ಎತ್ತಲ್ಲ, ಕೈ ಕೊಟ್ರೆ ಕಿತ್ಕೋತೀಯ. ಅಂಪೈರೇ ನಿನ್ನ ಹಿಡಿದು ಒಂದು ಕಡೆ ನಿಲ್ಲಿಸಿದ್ರು. ಇದನ್ನೂ ಬಿಟ್ರೆ ಮತ್ತೆ ಯಾವಾಗ?"

ಆಟದ ಮೇಲೆ ಪ್ರಾಣ ಇಟ್ಟ ಹೆಂಗಸು. ಜ್ವರ ಬಂದಾಗಲೂ ತರಬೇತಿ ತಪ್ಪಿಸಿದವರಲ್ಲ. ಅಭ್ಯಾಸದ ಆಟದಲ್ಲಿ ಯಾರಾದರೂ ಸುಮ್ಮನೆ ಬಿಟ್ಟುಕೊಟ್ಟರೂ ಕೆಂಡವಾಗುತ್ತಿದ್ದರು. ಅಂಥವರು ನನಗೋಸ್ಕರ ಒಂದು ಗೋಲಿಗೆ ಬಾಗಿಲು ತೆರೆದಿಟ್ಟು ಬಂದಿದ್ದರು. ನನಗೆ ಸಂತೋಷವಾಗಬೇಕಿತ್ತು, ಆದರೆ ಹೆದರಿಕೆಯಾಯಿತು.

"ಯಾಕೆ ಹೇಳದೆ ಹೋದ್ರಿ?"

"ನಿಮ್ಮಣ್ಣಂಗೆ ಹೇಳೋದು ಕಷ್ಟ ಆಗ್ಲಿಲ್ಲ. ಹೋಗ್ತೀನಿ ಅಂದೆ, ಆಗಲಿ ಅಂದ್ರು. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ನೀನು ಒಂದು ಸಲ ಬೇಡ ಅಂದಿದ್ರೆ ಚೀಲ ಬಿಚ್ಚಿಬಿಡ್ತಿದ್ದೆ. ಬಿಚ್ಚಿ, ಆ ಮನೇಲಿ ಗೋಡೆ ಜೊತೆ ಮಾತಾಡ್ಕೊಂಡು ಮುದುಕಿಯಾಗ್ತಿದ್ದೆ. ಅದಕ್ಕೇ ನೀನು ಇಲ್ದಾಗ ಹೋದೆ. ತಪ್ಪೇ, ಇಲ್ಲ ಅನ್ನಲ್ಲ. ದಾರಿಯಿಂದಲೇ ಫೋನ್ ಮಾಡ್ದೆ."

"ವಾಪಸ್ ಬರ್ತೀರಾ?"

"ಇಲ್ಲ."

ಅಷ್ಟು ನೇರವಾಗಿ ಹೇಳಿದರು. ನನಗೆ ಗೊತ್ತಿದ್ದದ್ದೇ, ಆದರೂ ಕಿವಿಗೆ ಬಿದ್ದಾಗ ನೆಲ ಸ್ವಲ್ಪ ಸರಿದಂತಾಯಿತು. ಬೇಲಿಯ ಆಚೆ ಅಣ್ಣ ಈಗಲೂ ಹಾಗೇ ನಿಂತಿದ್ದ. ನಾವು ಅವನಿಗೆ ಕಾಣುವಷ್ಟು ಹತ್ತಿರ, ಕೇಳದಷ್ಟು ದೂರ. ಅತ್ತಿಗೆ ಅವನನ್ನು ನೋಡಿದರು, ಒಂದು ಸಲ ತಲೆ ಬಾಗಿಸಿದರು. ಅವನೂ ಬಾಗಿಸಿದ. ಅವರಿಬ್ಬರ ನಡುವೆ ಉಳಿದದ್ದು ಅಷ್ಟು, ಅದರಲ್ಲಿ ಕಹಿ ಇರಲಿಲ್ಲ.

"ಹಾಗಾದ್ರೆ ಮುಗೀತು" ಅಂದೆ. "ಇನ್ನು ನಾವು ಯಾರಿಗೆ ಯಾರೋ."

ದೂರದಲ್ಲಿ ಮೂರನೆಯ ಸಲ ಯಾರೋ ಬಗ್ಗಿದರು, ಚೆಂಡು ಹೊರಟಿತು. ನಡುಗೆರೆಯಲ್ಲಿದ್ದ ಆರೂ ಜನ ಗೋಲು ಉಳಿಸಲು ಕಿತ್ತುಕೊಂಡು ಓಡಿದರು. ಅತ್ತಿಗೆಯೂ ಓಡಬೇಕಿತ್ತು, ಈಗ ನಿಯಮ ಅಡ್ಡ ಇರಲಿಲ್ಲ. ಅವರು ಓಡಲಿಲ್ಲ. ಆ ಉದ್ದನೆಯ ಬಿಳಿ ಗೆರೆಯ ಮೇಲೆ ನಾವಿಬ್ಬರೇ ಉಳಿದೆವು. ಕಾಲಿನ ಕೆಳಗೆ ಒದ್ದೆ ನೀಲಿ, ಸುತ್ತ ಮಂಜು, ಎಲ್ಲೋ ಗೋಲಿನ ಮರದ ಹಲಗೆಗೆ ಚೆಂಡು ಬಡಿದ ಸದ್ದು, ಆಮೇಲೆ ಕೂಗು. ಗೋಲಾಯಿತು ಅಂತ ಕಾಣುತ್ತದೆ. ನಮ್ಮಲ್ಲಿ ಒಬ್ಬರು ಕುಣಿಯಬೇಕಿತ್ತು, ಒಬ್ಬರು ತಲೆ ಚಚ್ಚಿಕೊಳ್ಳಬೇಕಿತ್ತು. ಇಬ್ಬರೂ ಆ ಕಡೆ ನೋಡಲೇ ಇಲ್ಲ.

"ನಾನು ಫೋನ್ ಮಾಡ್ತಾನೇ ಇದ್ದೆ" ಅಂದರು ಅತ್ತಿಗೆ. ಮೆತ್ತಗೆ ಹೇಳಿದರು. "ಆ ಕಡೆ ಸುಮ್ನೆ ರಿಂಗ್ ಆಗ್ತಿತ್ತು. ನೀನು ಅಲ್ಲೇ ಕೂತು ನೋಡ್ತಿದೀಯ ಅಂತ ನಂಗೆ ಗೊತ್ತಾಗ್ತಿತ್ತು. ನನ್ನ ಹೊಸ ಮನೇಲೂ ಅದೇ ಗೋಡೆ ಬಂತು ನೋಡು. ಅದನ್ನ ಬಿಟ್ಟು ಬಂದೆ ಅಂದ್ಕೊಂಡಿದ್ದೆ. ನೀನು ಥೇಟ್ ನಿಮ್ಮಣ್ಣ ಕಣೇ."

ಯಾರಾದರೂ ಸ್ಟಿಕ್ಕಿನಿಂದ ಹೊಡೆದಿದ್ದರೂ ನನಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ನಾನು ಮೆಣಸಿನಕಾಯಿ, ನನ್ನದು ಹರಿತ ನಾಲಿಗೆ, ನಾನು ಅಣ್ಣನ ಹಾಗಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಬೈಯುವುದನ್ನೇ ಮಾತು ಅಂದುಕೊಂಡಿದ್ದೆ. ಅವರು ನನ್ನನ್ನು ಬಿಟ್ಟು ಹೋದರು ಅಂತ ನಾನು ಕೂತಿದ್ದರೆ, ಆ ಕಡೆ ಅವರು ಕಿವಿಗೆ ಫೋನ್ ಹಿಡಿದು ನನ್ನ ಮನೆಯ ಬಾಗಿಲು ತಟ್ಟುತ್ತಾ ನಿಂತಿದ್ದರು.

ಆಟ ಮತ್ತೆ ಶುರುವಾಗಲು ಎಲ್ಲರೂ ವಾಪಸ್ ಬರುತ್ತಿದ್ದರು. ಗುಬ್ಬಿ ಎರಡೂ ಕೈ ಎತ್ತಿ ಓಡಿ ಬರುತ್ತಿದ್ದಳು. ಅತ್ತಿಗೆಯ ಕ್ಯಾಪ್ಟನ್ ದೂರದಿಂದಲೇ ಕೂಗುತ್ತಿದ್ದಳು. ಅತ್ತಿಗೆ ಮುಖವಾಡವನ್ನು ಅಂಚಿನ ಗೆರೆಯಾಚೆ ಎಸೆದು, ಸ್ಟಿಕ್ ಹಿಡಿದು ತಮ್ಮ ಜಾಗಕ್ಕೆ ಹೊರಟರು. ಇನ್ನೆರಡು ಹೆಜ್ಜೆ ಹೋದರೆ ಮುಗಿಯಿತು ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲವೂ ಹೀಗೇ ಮುಗಿದಿದೆ, ಆ ಎರಡು ಹೆಜ್ಜೆಯಲ್ಲಿ ಯಾರೂ ಬಾಯಿ ತೆರೆಯದೆ.

"ಅತ್ತಿಗೇ!"

ತಿರುಗಿದರು.

"ನೀವಿಲ್ದೆ ನಂಗೆ ನಿದ್ದೆ ಬರಲ್ಲ" ಅಂದೆ. ಜೋರಾಗಿಯೇ ಅಂದೆ, ಗುಬ್ಬಿ ಕೈ ಇಳಿಸಿ ನೋಡಿದಳು. "ಊಟ ಸೇರಲ್ಲ. ಮನೇಲಿ ಯಾರೂ ಕಿರುಚಲ್ಲ. ನಿಮ್ಮ ಮೇಲೆ ಕೋಪ ಇತ್ತು, ಈಗಲೂ ಇದೆ. ಆದ್ರೂ ನೀವು ನಂಗೆ ಬೇಕು. ಅಣ್ಣಂಗೆ ಹೆಂಡತಿಯಾಗಿ ಅಲ್ಲ. ನಂಗೆ ಬೇಕು."

ಅಂಪೈರಮ್ಮ ಸೀಟಿ ಊದಿದರು. ಆಟ ಶುರುವಾಯಿತು. ನಾನು ನನ್ನ ಜಾಗ ಬಿಟ್ಟು ಅತ್ತಿಗೆಯ ಬೆನ್ನು ಹಿಡಿದೆ. ಅವರು ಓಡಿದರೆ ಪಕ್ಕದಲ್ಲೇ ಓಡಿದೆ, ನಿಂತರೆ ನಿಂತೆ. ಹೇಳುತ್ತಲೇ ಇದ್ದೆ. ಬಟ್ಟೆ ಒಗೆಯುವ ಮೆಷಿನ್ ಸೋರುತ್ತದೆ, ಅಮ್ಮನ ಮಂಡಿ ನೋವು ಜಾಸ್ತಿಯಾಗಿದೆ, ಗುಬ್ಬಿಯನ್ನು ಸುಮ್ಮಸುಮ್ಮನೆ ಬೈದು ಆಮೇಲೆ ಬಚ್ಚಲಿನಲ್ಲಿ ಅಳುತ್ತೇನೆ, ಅಣ್ಣ ಈಗಲೂ ನಿಮ್ಮ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ ಆದರೆ ಯಾಕೆ ಅಂತ ಬಾಯಿ ಬಿಡುವುದಿಲ್ಲ. ಏದುಸಿರಿನ ನಡುವೆ ಏನೇನು ಬಂತೋ ಎಲ್ಲಾ ಹೇಳಿದೆ. ಇಷ್ಟೊಂದು ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ ನನಗೇ ಗೊತ್ತಿರಲಿಲ್ಲ.

"ಆಟ ಆಡೇ ಹುಚ್ಚೀ!" ಅಂದರು ಅತ್ತಿಗೆ. ನಗುತ್ತಿದ್ದರೋ ಅಳುತ್ತಿದ್ದರೋ, ಮಂಜಿನ ಹನಿ ಎಲ್ಲರ ಮುಖದ ಮೇಲೂ ಇತ್ತು.

"ಆಡ್ತಾನೇ ಇದೀನಲ್ಲ, ನೀವು ಕೇಳಿ."

ಆ ಮಾತಿನ ನಡುವೆಯೇ ನನ್ನ ಕಾಲ ಬಳಿಗೆ ಬಂದ ಚೆಂಡನ್ನು ಅವರು ಸಲೀಸಾಗಿ ಕಿತ್ತುಕೊಂಡು ಹೋದರು. ಕೋಚ್ ಅಂಚಿನಲ್ಲಿ ನಿಂತು ನನ್ನ ಜನ್ಮ ಜಾಲಾಡಿದರು. ಅಂಪೈರಮ್ಮ ಬಾಯಿ ಮುಚ್ಚಿಕೊಂಡು ಆಡಲು ಎರಡು ಸಲ ಹೇಳಿದರು. ನಾನು ತಲೆಯಾಡಿಸಿ, ಮತ್ತೆ ಓಡಿ ಹೋಗಿ ಬಿಟ್ಟಲ್ಲಿಂದ ಹೇಳಿದೆ.

ಕೊನೆಯ ಸದ್ದು ಮೊಳಗಿತು. ನಾವು ಗೆದ್ದಿದ್ದೆವು. ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದರು. ಅತ್ತಿಗೆಯ ಕ್ಯಾಪ್ಟನ್ ಅವರ ಎದುರು ನಿಂತು ಬೆರಳು ಕುಣಿಸಿ ಬೈದಳು, ಅತ್ತಿಗೆ ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡರು. ಆಮೇಲೆ ಅವರ ತಂಡದವರು ಬೆನ್ನು ತಿರುಗಿಸಿ ಹೋದರು. ಅವರು ಒಬ್ಬರೇ ನಿಧಾನಕ್ಕೆ ನಡೆದು ಬಂದು, ಬೇಲಿಯ ಹತ್ತಿರ ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲುಪಟ್ಟಿ ಬಿಚ್ಚತೊಡಗಿದರು. ನಾನು ದೂರದಲ್ಲೇ ನಿಂತಿದ್ದೆ. ಓಟವೂ ನಿಂತು, ಆಟವೂ ನಿಂತು, ಈಗ ಬಾಯಿ ತೆರೆಯುವುದು ಹೇಗೆ ಅಂತ ತಿಳಿಯಲಿಲ್ಲ.

ಅವರು ತಲೆ ಎತ್ತಲಿಲ್ಲ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಹ್ಞೂಂ" ಅಂದರು. "ಆಮೇಲೆ?"